ಇಂಜಿನಿಯರಿಂಗ್ ಶಿಕ್ಷಣದಲ್ಲಿ ಸುಸ್ಥಿರತೆಯ ಪಾಠ: ಚಿನ್ನದ ಗಣಿಯ ನಾಡಿನಿಂದ ಒಂದು ಚಿಂತನೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ಸಂವತ್ಸರಗಳನ್ನು ಪೂರೈಸಿದ ದೇವಾಲಯದ ಈ ಸಂಭ್ರಮದಲ್ಲಿ ನನ್ನಂಥ ಒಬ್ಬ ಉಪಾಧ್ಯಾಯನಿಗೆ ನಾಲ್ಕು ಮಾತುಗಳನ್ನಾಡುವ ಅವಕಾಶ ಕಲ್ಪಿಸಿದ ಸಮಿತಿಯವರಿಗೆ ಮೊದಲು ನನ್ನ ಕೃತಜ್ಞತೆಗಳು ಸಲ್ಲುತ್ತವೆ. ವಿಶ್ವವಿದ್ಯಾನಿಲಯಗಳ ಇಂಜಿನಿಯರಿಂಗ್ ತರಗತಿಗಳಲ್ಲಿ ಸುಸ್ಥಿರತೆಯ ಬೋಧನೆ ಎಂಬುದು ನನಗೆ ವಹಿಸಿರುವ ವಿಷಯ. ದೇವಾಲಯದ ಉತ್ಸವಕ್ಕೂ ಇಂಜಿನಿಯರಿಂಗ್ ಪಾಠಕ್ಕೂ ಏನು ಸಂಬಂಧವೆಂದು ಕೆಲವರಿಗಾದರೂ ಅನ್ನಿಸಿರಬಹುದು. ಆದರೆ ನಮ್ಮ ಧರ್ಮಕೇಂದ್ರದ ಕುಟುಂಬಗಳನ್ನು ಒಮ್ಮೆ ಎಣಿಸಿ ನೋಡಿ. ಅಜ್ಜಂದಿರು ಗಣಿಯಲ್ಲಿ ದುಡಿದವರು. ತಂದೆಯರು ಗಣಿ ಮುಚ್ಚಿದ್ದನ್ನು ಕಂಡವರು. ಮಕ್ಕಳು ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಓದುತ್ತಿರುವವರು, ಇಲ್ಲವೇ ಓದಿ ಮುಗಿಸಿ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲನ್ನು ನಸುಕಿನಲ್ಲಿಯೇ ಹಿಡಿಯುವವರು. ಆದುದರಿಂದ ಆ ತರಗತಿಗಳಲ್ಲಿ ಏನನ್ನು ಕಲಿಸುತ್ತಾರೆ, ಏನನ್ನು ಬಿಡುತ್ತಾರೆ ಎಂಬುದು ನಮ್ಮ ಮನೆಯ ಪ್ರಶ್ನೆಯೇ ಆಗಿದೆ.

ಮೊದಲು ‘ಸುಸ್ಥಿರತೆ’ ಎಂಬ ಶಬ್ದದ ಅರ್ಥವನ್ನು ನೋಡೋಣ. ನಾರ್ವೆ ದೇಶದ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲಂಡ್ ಅವರ ಅಧ್ಯಕ್ಷತೆಯಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು 1987ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವಾಗ ಮುಂದೆ ಹುಟ್ಟಲಿರುವವರ ಪಾಲನ್ನು ಕಸಿದುಕೊಳ್ಳಬಾರದೆಂಬುದು ಆ ವರದಿಯ ತಿರುಳು. ಅಂದಿನಿಂದ ಈ ಶಬ್ದವು ಜಗತ್ತಿನ ಎಲ್ಲ ವಿಶ್ವವಿದ್ಯಾನಿಲಯಗಳನ್ನೂ ಹೊಕ್ಕಿತು. ನಮ್ಮ ಹಿರಿಯರು ಇದೇ ಮಾತನ್ನು ಬೇರೊಂದು ರೀತಿಯಲ್ಲಿ ಹೇಳಿದ್ದರು: ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ನಮ್ಮ ನೆಲದಲ್ಲಿದ್ದುದು ಒಂದು ಕುಡಿಕೆಯಷ್ಟು ಹೊನ್ನಲ್ಲ. ಸುಮಾರು ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ತೆಗೆದ ಚಿನ್ನ ಸುಮಾರು 800 ಟನ್. ಅದೂ ಸಾಲದೆ ಹೋದುದು ಹೇಗೆ ಎಂಬ ಪ್ರಶ್ನೆಯಿಂದಲೇ ಇಂಜಿನಿಯರಿಂಗ್ ವಿದ್ಯಾರ್ಥಿಯ ಸುಸ್ಥಿರತೆಯ ಪಾಠ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಈ ಗಣಿಗಳ ಚರಿತ್ರೆಯು ಇಂಜಿನಿಯರಿಂಗ್ ಸಾಧನೆಯ ಚರಿತ್ರೆಯೂ ಹೌದು. 1802ರಲ್ಲಿ ಮೋಜಣಿಗಾಗಿ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಕಂಡು ಬರೆದಿಟ್ಟನು. 1873ರಲ್ಲಿ ಮೈಕೇಲ್ ಲಾವೆಲ್ ಎಂಬ ನಿವೃತ್ತ ಸೈನಿಕನು ಗಣಿಗಾರಿಕೆಗೆ ಅನುಮತಿ ಕೋರಿದನು. 1880ರ ಸುಮಾರಿಗೆ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಬಂದ ಮೇಲೆ ಕೆಲಸಕ್ಕೆ ನಿಜವಾದ ವೇಗ ದೊರೆಯಿತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ನೆನಪಿಗೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ ಗಣಿಗಳಿಗೆ ರೈಲು ಕವಲು ಹಾಕಲಾಯಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಇಲ್ಲಿಗೆ ವಿದ್ಯುಚ್ಛಕ್ತಿಯನ್ನು ತಂದರು. ಆ ಕಾಲಕ್ಕೆ ಅದು ಪ್ರಪಂಚದಲ್ಲಿಯೇ ಅತ್ಯಂತ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೇಸಿಗೆಯಲ್ಲಿ ಕಾವೇರಿಯ ಹರಿವು ತಗ್ಗಿದಾಗ ಗಣಿಗಳಿಗೆ ಶಕ್ತಿ ಸಾಲದಾಗುತ್ತಿತ್ತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟಿನ ಉದ್ದೇಶಗಳಲ್ಲಿ ಆ ಕೊರತೆಯನ್ನು ನೀಗುವುದೂ ಒಂದಾಗಿತ್ತು. ಕುಡಿಯುವ ನೀರು ಪಾಲಾರ್ ನದಿಯ ಬೇತಮಂಗಲದ ಜಲಾಶಯದಿಂದ ಬಂದಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಅಲ್ಲಿಗೆ ಗಾಳಿಯನ್ನು ತಂಪುಮಾಡಿ ಕಳುಹಿಸಬೇಕಾಗಿತ್ತು. ಆ ಆಳದ ಪ್ರಯೋಜನ ಪಡೆದು 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಕುರುಹನ್ನು ಇಲ್ಲಿ ಗುರುತಿಸಿದರು. ಇಷ್ಟನ್ನೂ ಸಾಧಿಸಿದವರ ಬುದ್ಧಿಶಕ್ತಿಯನ್ನಾಗಲಿ, ಕೇಜಿನಲ್ಲಿ ನಿಂತು ಪ್ರತಿದಿನವೂ ಪಾತಾಳಕ್ಕಿಳಿದ ನಮ್ಮ ಹಿರಿಯರ ಧೈರ್ಯವನ್ನಾಗಲಿ ಯಾರೂ ಕಡಿಮೆಯೆಂದು ಹೇಳಲಾರರು.

ಆದರೆ ಈ ಮಹಾ ಕಾರ್ಯದ ಲೆಕ್ಕಪತ್ರದಲ್ಲಿ ಒಂದು ಪುಟ ಇರಲಿಲ್ಲ. ಚಿನ್ನ ಮುಗಿದ ಮೇಲೆ ಏನು ಎಂಬುದೇ ಆ ಪುಟ.

ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿನಿಂದ 40 ಗ್ರಾಮಿಗೂ ಮಿಗಿಲಾಗಿ ದೊರೆಯುತ್ತಿದ್ದ ಚಿನ್ನ ಕಡೆಯ ವರ್ಷಗಳಲ್ಲಿ ಮೂರು ನಾಲ್ಕು ಗ್ರಾಮಿಗೆ ಇಳಿಯಿತು. ಆಳ ಹೆಚ್ಚಿದಂತೆ ಖರ್ಚು ಏರಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಒಡೆತನಕ್ಕೆ ಬಂದವು; 1962ರಲ್ಲಿ ಕೇಂದ್ರ ಸರ್ಕಾರದ ಕೈ ಸೇರಿದವು; 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕಂಪನಿಯಾದವು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಮೂರು ಸಾವಿರಕ್ಕೂ ಹೆಚ್ಚು ಕುಟುಂಬಗಳ ಸಂಬಳ ಒಮ್ಮೆಗೇ ನಿಂತಿತು. ಪಂಪುಗಳು ನಿಂತುದರಿಂದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ನೆಲದ ಮೇಲೆ ಉಳಿದವು ಸೈನೈಡ್ ಗುಡ್ಡಗಳು.

ಈ ಗುಡ್ಡಗಳು ಬಂದುದು ಹೇಗೆ ಎಂಬುದನ್ನು ಕಿರಿಯರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಅದಿರನ್ನು ಗಿರಣಿಯಲ್ಲಿ ಹಿಟ್ಟಿನಂತೆ ಅರೆದು, ಸೈನೈಡ್ ಬೆರೆಸಿದ ನೀರಿನಲ್ಲಿ ನೆನೆಸಿದರೆ ಅದರೊಳಗಿನ ಚಿನ್ನ ಕರಗುತ್ತದೆ. ಗ್ಲಾಸ್ಗೋ ನಗರದಲ್ಲಿ 1887ರಲ್ಲಿ ಕಂಡುಹಿಡಿದ ವಿಧಾನವಿದು. ಚಿನ್ನವನ್ನು ಬೇರ್ಪಡಿಸಿಕೊಂಡ ಮೇಲೆ ಉಳಿಯುವ ಸಣ್ಣ ಮರಳನ್ನು ಹೊರಗೆ ಸುರಿಯುತ್ತ ಬಂದರು. ಸುರಿದ ಸೈನೈಡ್ ಬಿಸಿಲು ಗಾಳಿಗಳಿಗೆ ಕ್ರಮೇಣ ಒಡೆದುಹೋಗುತ್ತದೆ. ಆದರೆ ಗಾಳಿಗೆ ಏಳುವ ಸಿಲಿಕಾ ಧೂಳು ಉಳಿಯುತ್ತದೆ. ಮರಳಿನಲ್ಲಿರುವ ಗಂಧಕದ ಖನಿಜಗಳು ಮಳೆನೀರು ಮತ್ತು ಗಾಳಿಯೊಡನೆ ಸೇರಿ ಆಮ್ಲವನ್ನು ಉಂಟುಮಾಡಬಲ್ಲವು. ಜೀವಸತ್ತ್ವವಿಲ್ಲದ ಆ ಮಣ್ಣಿನಲ್ಲಿ ಗಿಡಗಳು ಬೇರೂರುವುದು ಕಷ್ಟ. ಹೊರಗಿನವರು ಇತ್ತೀಚಿನ ವರ್ಷಗಳಲ್ಲಿ ಸಿನಿಮಾದ ಮೂಲಕ ಈ ಗುಡ್ಡಗಳನ್ನು ಕಂಡು ಬೆರಗಾಗಿದ್ದಾರೆ. ಅವುಗಳ ಮಗ್ಗುಲಲ್ಲಿ ಬಾಳುವವರಿಗಾದರೋ ಮುಂಗಾರಿನ ಗಾಳಿ ಬೀಸಿದಾಗ ಒಣಹಾಕಿದ ಬಟ್ಟೆಯ ಮೇಲೂ ಅನ್ನದ ತಟ್ಟೆಯ ಮೇಲೂ ಅದೇ ಗುಡ್ಡದ ಪರಿಚಯವಾಗುತ್ತದೆ.

ಇಂಥ ಹದಿಮೂರು ಗುಡ್ಡಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಮರಳಿದೆಯೆಂದು ಅಂದಾಜು. ಎಂಟನೆಯ ತರಗತಿಯ ಮಗುವೂ ಮಾಡಬಹುದಾದ ಒಂದು ಲೆಕ್ಕವನ್ನು ಇಲ್ಲಿ ಮಾಡೋಣ. ಈ ರಾಶಿಯನ್ನು 800 ಟನ್ ಚಿನ್ನಕ್ಕೆ ಹಂಚಿದರೆ ಒಂದು ಗ್ರಾಂ ಚಿನ್ನದ ಪಾಲಿಗೆ ಸುಮಾರು 41 ಕಿಲೋ ಮರಳು ಬರುತ್ತದೆ. ವಿವಾಹದ ವೇಳೆ ವಧೂವರರು ತೊಡಿಸಿಕೊಳ್ಳುವ ಉಂಗುರ ನಾಲ್ಕು ಗ್ರಾಂ ತೂಗಿದರೆ, ಅದರ ಹಿಂದೆ ನಮ್ಮ ಊರಿನಲ್ಲಿ ಉಳಿದ ಮರಳು ಸುಮಾರು 165 ಕಿಲೋ. ಉಂಗುರದ ಬೆಲೆಯನ್ನು ಕಟ್ಟಿದ ಯಾವ ಅಂಗಡಿಯವನೂ ಈ 165 ಕಿಲೋವನ್ನು ತಕ್ಕಡಿಯಲ್ಲಿಡಲಿಲ್ಲ. ಗಣಿಯ ಜಮಾಖರ್ಚಿನಲ್ಲಿಯೂ ಅದಕ್ಕೆ ಒಂದು ಕಲಂ ಇರಲಿಲ್ಲ. ಅದನ್ನು ಇಂದಿಗೂ ಹೊತ್ತಿರುವವರು ಈ ಊರಿನ ಜನ.

ಹಾಗೆಂದು ಹಳೆಯ ಇಂಜಿನಿಯರುಗಳನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಅವರ ಪಠ್ಯಪುಸ್ತಕಗಳಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ದೇಶದ ಕಾನೂನಿನಲ್ಲಿಯೂ ಇರಲಿಲ್ಲ. ಗಣಿಯನ್ನು ಮುಚ್ಚುವ ಯೋಜನೆಯನ್ನು ಮೊದಲೇ ಸಿದ್ಧಪಡಿಸಬೇಕು, ಅದಕ್ಕೆ ಹಣದ ಭರವಸೆಯನ್ನೂ ಕೊಡಬೇಕು ಎಂಬ ನಿಯಮವನ್ನು ಭಾರತ ಸರ್ಕಾರ ಖನಿಜ ನಿಯಮಗಳಿಗೆ ಸೇರಿಸಿದ್ದು 2003ರಲ್ಲಿ. ನಮ್ಮ ಗಣಿಗಳು ಮುಚ್ಚಿ ಆಗಲೇ ಎರಡು ವರ್ಷ ಕಳೆದಿತ್ತು.

ಪ್ರಶ್ನೆಯನ್ನು ಕೇಳಿದಾಗ ಇಂಜಿನಿಯರಿಂಗ್ ಉತ್ತರ ಕೊಡುತ್ತದೆ ಎಂಬುದಕ್ಕೂ ನಮ್ಮ ಗಣಿಗಳಲ್ಲಿಯೇ ನಿದರ್ಶನವಿದೆ. 1940ರ ದಶಕದ ತಪಾಸಣೆಯಲ್ಲಿ ಇಲ್ಲಿಯ ಕೆಲಸಗಾರರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ಶ್ವಾಸಕೋಶಗಳಲ್ಲಿ ಸಿಲಿಕೋಸಿಸ್ ಕಂಡುಬಂದಿತು. ಭಾರತದ ವೈದ್ಯಕೀಯ ಗ್ರಂಥಗಳು ಈ ರೋಗದ ಚರಿತ್ರೆಯನ್ನು ಹೇಳುವಾಗ ಕೋಲಾರದ ಹೆಸರಿನಿಂದಲೇ ಆರಂಭಿಸುತ್ತವೆ. ಬಂಡೆ ಕೊರೆಯುವಾಗ ಏಳುವ ಧೂಳಿಗೆ ಪರಿಹಾರವೆಂದರೆ ಕೊರೆಯುವ ಮೊನೆಯಲ್ಲಿಯೇ ನೀರು ಹಾಯಿಸುವುದು ಮತ್ತು ಗಾಳಿಯ ಹರಿವನ್ನು ಹೆಚ್ಚಿಸುವುದು. ಇದು ಬಹಳ ಜಟಿಲವಾದ ವಿದ್ಯೆಯೇನಲ್ಲ. ಕೆಲಸಗಾರನ ಶ್ವಾಸಕೋಶವೂ ಯಂತ್ರದ ವಿನ್ಯಾಸದ ಒಂದು ಭಾಗವೆಂದು ಯಾರಾದರೂ ಪರಿಗಣಿಸಬೇಕಾಗಿತ್ತು, ಅಷ್ಟೆ. ಹಾಗೆಯೇ ಊರಿನ ನಾಳೆಯೂ ವಿನ್ಯಾಸದ ಒಂದು ಭಾಗವೆಂದು ಪರಿಗಣಿಸುವುದೇ ಸುಸ್ಥಿರ ಇಂಜಿನಿಯರಿಂಗ್.

ಈ ಎಚ್ಚರ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಹೊರದೇಶದ ಒಂದು ಪ್ರಸಂಗವನ್ನು ಹೇಳಬೇಕು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಅಬರ್‌ಫ್ಯಾನ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಿದೆ. ಗಣಿಯ ತ್ಯಾಜ್ಯವನ್ನು ಅಲ್ಲಿ ಬೆಟ್ಟದ ಮೇಲೆ ರಾಶಿ ಹಾಕಿದ್ದರು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಆ ರಾಶಿ ಜಾರಿ ಶಾಲೆಯ ಮೇಲೆ ಬಿದ್ದಿತು. ಸತ್ತವರು 144 ಮಂದಿ. ಅವರಲ್ಲಿ 116 ಮಂದಿ ಮಕ್ಕಳು. ರಾಶಿಯ ಕೆಳಗೆ ನೀರಿನ ಊಟೆಗಳಿದ್ದವು. ಅವು ನಕ್ಷೆಗಳಲ್ಲಿಯೂ ಗುರುತಾಗಿದ್ದವು. ನಕ್ಷೆ ನೋಡಲು ಬರುವವರಿಗೆ ಅಲ್ಲಿ ಕೊರತೆ ಇರಲಿಲ್ಲ. ತ್ಯಾಜ್ಯ ಸುರಿಯುವುದೂ ಇಂಜಿನಿಯರಿಂಗ್ ಕೆಲಸವೆಂದು ಯಾರೂ ಭಾವಿಸಿರಲಿಲ್ಲ. 2019ರ ಜನವರಿಯಲ್ಲಿ ಬ್ರೆಜಿಲ್ ದೇಶದ ಬ್ರುಮಾಡಿನ್ಯೋದಲ್ಲಿ ಕಬ್ಬಿಣದ ಗಣಿಯ ತ್ಯಾಜ್ಯದ ಕಟ್ಟೆಯೊಡೆದು 270 ಮಂದಿ ಮಡಿದರು. ಅದಾದ ಮರುವರ್ಷ, 2020ರಲ್ಲಿ, ಇಂಥ ತ್ಯಾಜ್ಯದ ನಿರ್ವಹಣೆಗೆ ಅಂತರರಾಷ್ಟ್ರೀಯ ಮಾನದಂಡವೊಂದು ರೂಪುಗೊಂಡಿತು. ಪ್ರತಿಯೊಂದು ನಿಯಮದ ಹಿಂದೆಯೂ ಇಂಥ ಶೋಕವಿರುವುದು ನಮಗೆ ಪಾಠವಾಗಬೇಕು.

ಹಾಗಾದರೆ ಇಂದು ನಮ್ಮ ಕಾಲೇಜುಗಳಲ್ಲಿ ಈ ವಿಷಯವನ್ನು ಕಲಿಸುತ್ತಿಲ್ಲವೇ? ಕಲಿಸುತ್ತಿದ್ದಾರೆ. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ, ಪರಿಸರದ ಪಾಠ ವಿದ್ಯಾಭ್ಯಾಸದ ಎಲ್ಲ ಹಂತಗಳಲ್ಲಿಯೂ ಇರಬೇಕೆಂದು ಆದೇಶಿಸಿತು. ಅದರಂತೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಎಲ್ಲ ಪದವಿಗಳಿಗೂ ಅನ್ವಯಿಸುವ ಆರು ತಿಂಗಳ ಪಠ್ಯಕ್ರಮವನ್ನು ರಚಿಸಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಪರಿಸರ ಅಧ್ಯಯನವನ್ನು ಎಲ್ಲ ಶಾಖೆಗಳ ವಿದ್ಯಾರ್ಥಿಗಳಿಗೆ ವಿಧಿಸಿದೆ. 2018ರ ಪಠ್ಯಯೋಜನೆಯಲ್ಲಿ ಅದಕ್ಕೆ ಒಂದು ಕ್ರೆಡಿಟ್ ಇತ್ತು. ಪರೀಕ್ಷೆ ಸರಿಯುತ್ತರಕ್ಕೆ ಗುರುತು ಹಾಕುವ ಮಾದರಿಯದು. ಅನಂತರ ಬಂದ ಯೋಜನೆಯಲ್ಲಿ ಸಾಮಾಜಿಕ ಸಂಪರ್ಕ ಮತ್ತು ಹೊಣೆಗಾರಿಕೆ ಎಂಬ ವಿಷಯವನ್ನು ಸೇರಿಸಿ, ಗಿಡ ನೆಡುವುದು, ನೀರಿನ ಸಂರಕ್ಷಣೆ, ಕಸದ ವಿಲೇವಾರಿ, ಊರಿನ ಪರಂಪರೆಯ ದರ್ಶನ ಮುಂತಾದ ಚಟುವಟಿಕೆಗಳಿಗೆ ವಿದ್ಯಾರ್ಥಿಗಳನ್ನು ಹೊರಗೆ ಕಳುಹಿಸಲಾಗುತ್ತಿದೆ. ಇದು ಸ್ವಾಗತಾರ್ಹವಾದ ಹೆಜ್ಜೆ.

ಆದರೂ ಒಂದು ತೊಡಕು ಉಳಿದಿದೆ. ಸುಸ್ಥಿರತೆಯನ್ನು ಪ್ರತ್ಯೇಕವಾದ ಸಣ್ಣ ವಿಷಯವನ್ನಾಗಿ ಒಂದು ಬದಿಗೆ ಇಟ್ಟರೆ, ಮುಖ್ಯ ವಿಷಯಗಳು ಮೊದಲಿನಂತೆಯೇ ನಡೆಯುತ್ತವೆ. ಬೆಳಿಗ್ಗೆ ಪರಿಸರದ ತರಗತಿಯಲ್ಲಿ ಓಝೋನ್ ಪದರದ ವ್ಯಾಖ್ಯೆಯನ್ನು ಬರೆದುಕೊಂಡ ವಿದ್ಯಾರ್ಥಿಯು ಮಧ್ಯಾಹ್ನ ವಿನ್ಯಾಸದ ತರಗತಿಯಲ್ಲಿ ಅಗ್ಗವಾಗಿಯೂ ಗಟ್ಟಿಯಾಗಿಯೂ ಇರುವುದೇ ಉತ್ತಮ ವಿನ್ಯಾಸವೆಂದು ಲೆಕ್ಕ ಮಾಡುತ್ತಾನೆ. ಎರಡೂ ಪಾಠಗಳು ಅವನ ಪುಸ್ತಕದಲ್ಲಿ ಒಂದನ್ನೊಂದು ಸಂಧಿಸುವುದಿಲ್ಲ. ಆದುದರಿಂದ ಬೇಕಾಗಿರುವುದು ಇನ್ನೊಂದು ಪುಸ್ತಕವಲ್ಲ. ಪ್ರತಿಯೊಂದು ಶಾಖೆಯ ಮುಖ್ಯ ಲೆಕ್ಕದೊಳಗೆ ‘ಮುಗಿದ ಮೇಲೆ ಏನು, ಆ ಖರ್ಚು ಯಾರ ತಲೆಯ ಮೇಲೆ’ ಎಂಬ ಪ್ರಶ್ನೆಯನ್ನು ಸೇರಿಸಬೇಕು.

ಇದಕ್ಕೆ ಬೇಕಾದ ಪ್ರಯೋಗಾಲಯ ನಮ್ಮ ಮನೆಯ ಬಾಗಿಲಲ್ಲೇ ಇದೆ. ಊರ್ಗಾಂನಲ್ಲಿ ಸ್ಕೂಲ್ ಆಫ್ ಮೈನ್ಸ್ ಇದೆ. ಗಣಿ ಇಂಜಿನಿಯರಿಂಗ್ ಅನ್ನೂ ಕಲಿಸುವ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಕಾಲೇಜಿದೆ. ಗಣಿ ಶಾಖೆಯ ವಿದ್ಯಾರ್ಥಿಯು ಅದಿರಿನ ಲೆಕ್ಕದೊಡನೆ ಖಾಲಿಯಾದ ಸುರಂಗವನ್ನು ತುಂಬುವ ಲೆಕ್ಕವನ್ನೂ ಮಾಡಲಿ. ರಸಾಯನ ಶಾಸ್ತ್ರದ ತರಗತಿಯಲ್ಲಿ ಚಿನ್ನ ಕರಗುವ ಸಮೀಕರಣವನ್ನು ಬರೆದ ಹಾಳೆಯಲ್ಲಿಯೇ ಉಳಿದ ಮರಳಿನ ಗತಿಯನ್ನೂ ಬರೆಯಲಿ. ವಿದ್ಯುತ್ ಶಾಖೆಯವರು ಶಿವನಸಮುದ್ರದ ತಂತಿಯನ್ನು ಓದುವಾಗ, ಕೋಲಾರದ ಚಿನ್ನಕ್ಕೆ ಕಾವೇರಿಯ ನೀರು ಹೇಗೆ ಬೇಕಾಯಿತೆಂಬುದನ್ನೂ ಓದಲಿ. ಸಿವಿಲ್ ಶಾಖೆಯವರು ಈ ಗುಡ್ಡಗಳ ಮರಳಿಗೆ ಸಿಮೆಂಟನ್ನೋ, ಎರೆಮಣ್ಣನ್ನೋ, ಕೆಮ್ಮಣ್ಣನ್ನೋ ಬೆರೆಸಿ ಇಟ್ಟಿಗೆ ಮಾಡಿ ನೋಡಿದ ಸಂಶೋಧನೆಯನ್ನು ಓದಲಿ. 2007ರಲ್ಲಿಯೇ ಅದು ಪ್ರಕಟವಾಗಿದೆ. ಇಟ್ಟಿಗೆ ಎಷ್ಟು ಭಾರ ತಡೆಯುತ್ತದೆ ಎಂಬುದರೊಡನೆ, ಮಳೆಗೆ ನೆನೆದಾಗ ಅದರಿಂದ ಏನು ಸೋರುತ್ತದೆ ಎಂಬುದನ್ನೂ ಪರೀಕ್ಷಿಸಲಿ. ತಮಗೂ ಗಣಿಗೂ ಸಂಬಂಧವಿಲ್ಲವೆಂದು ಕಂಪ್ಯೂಟರ್ ಶಾಖೆಯವರು ಹೇಳಬಹುದು. ಅವರ ಹಳೆಯ ಫೋನುಗಳಲ್ಲಿ ಟನ್ನಿಗೆ ಇರುವ ಚಿನ್ನ, ನಮ್ಮ ಗಣಿಯ ಕಡೆಗಾಲದ ಅದಿರಿನಲ್ಲಿದ್ದುದಕ್ಕಿಂತ ಹಲವು ಪಟ್ಟು ಹೆಚ್ಚು. ಬಿಸಾಡಿದ ಯಂತ್ರವನ್ನು ಬಿಚ್ಚಿ ಮತ್ತೆ ಬಳಸುವಂತೆ ರೂಪಿಸುವುದು ಅವರ ಪಾಲಿನ ಗಣಿಗಾರಿಕೆ.

ಇದೆಲ್ಲ ಆಗುಹೋಗದ ಮಾತೆಂದು ತಾವು ತಿಳಿಯಬಾರದು. ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಮಾದರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಅಲ್ಲಿಯ ಇಂಜಿನಿಯರುಗಳು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮಕ್ಕೆ ಹೋಗಿ, ಒಂದು ಮನೆಗೆ ದಿನಕ್ಕೆ ಎಷ್ಟು ಸೌದೆ ಬೇಕು, ಅದನ್ನು ತರಲು ಹೆಂಗಸರು ಎಷ್ಟು ದೂರ ನಡೆಯುತ್ತಾರೆ ಎಂಬುದನ್ನು ಅಳೆದರು. ಆ ಅಳತೆಯ ಫಲವಾಗಿ ಕಡಿಮೆ ಸೌದೆಯಿಂದ ಉರಿಯುವ, ಹೊಗೆ ಹೊರಗೆ ಹೋಗುವ ಅಸ್ತ್ರ ಒಲೆ ರೂಪುಗೊಂಡು ಹಳ್ಳಿಹಳ್ಳಿಗೂ ಹೋಯಿತು. ಅದೇ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿಯ ಅನಿಲದಿಂದ ಇಂಜಿನ್ ನಡೆಸಿ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದರು. ಪ್ರೊಫೆಸರ್ ಕೆ. ಎಸ್. ಜಗದೀಶ್ ಮೊದಲಾದವರು ಸುಡದ ಮಣ್ಣಿನ ಇಟ್ಟಿಗೆಯ ಶಾಸ್ತ್ರವನ್ನು ಬೆಳೆಸಿದರು. ಇಂದು ಆ ಕೇಂದ್ರಕ್ಕೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂಬ ಹೆಸರಿದೆ. ಒಲೆಯನ್ನು ಕುರಿತು ಯೋಚಿಸುವುದು ದೊಡ್ಡ ಇಂಜಿನಿಯರಿಗೆ ಕಡಿಮೆಯ ಕೆಲಸವಲ್ಲವೆಂದು ಅವರು ಶಿಷ್ಯರಿಗೆ ಮಾಡಿ ತೋರಿಸಿದರು.

ಈ ಪಾಠ ನಮ್ಮ ಮಕ್ಕಳಿಗೆ ಇಂದೇ ಏಕೆ ಬೇಕು ಎಂಬುದಕ್ಕೆ ಎರಡು ಕಾರಣಗಳು ಕಣ್ಣೆದುರಿಗಿವೆ. ಮೊದಲನೆಯದು ನೀರು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬುವ ಕೆ. ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಬತ್ತಿದ್ದ ಕೆರೆಗಳು ತುಂಬಿದವು. ಕೊಳವೆ ಬಾವಿಗಳಲ್ಲಿ ನೀರು ಏರಿತು. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯ ಹಂತವೂ ಬೇಕೇ ಎಂಬುದು ರೈತರ ಪ್ರಶ್ನೆ. ಉಪಕಾರವೂ ನಿಜ, ಆತಂಕವೂ ನಿಜ. ಎರಡನ್ನೂ ಒಟ್ಟಿಗೆ ತೂಗಿ, ಅಳತೆಗಳನ್ನು ಜನರ ಭಾಷೆಯಲ್ಲಿ ವಿವರಿಸಬಲ್ಲ ಇಂಜಿನಿಯರು ಬೇಕು.

ಎರಡನೆಯದು ನಮ್ಮ ಗುಡ್ಡಗಳದೇ ಕಾರಣ. ಹದಿಮೂರು ಗುಡ್ಡಗಳಿರುವ ಸಾವಿರ ಎಕರೆಗೂ ಮಿಕ್ಕಿದ ಭೂಮಿಯಲ್ಲಿ ಮರಳನ್ನು ಮತ್ತೆ ಸಂಸ್ಕರಿಸಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅದರಲ್ಲಿ ಸುಮಾರು 23 ಟನ್ ಚಿನ್ನವಿರಬಹುದೆಂದು ಅಂದಾಜು. ಕೆಲಸ ಕಳೆದುಕೊಂಡ ಊರಿಗೆ ಇದು ಆಶಾಕಿರಣವೇ ಸರಿ; ಅದನ್ನು ಬೇಡವೆನ್ನುವವನು ನಾನಲ್ಲ. ಆದರೆ ಇಲ್ಲಿಯೂ ಲೆಕ್ಕ ಮಾಡಿ ನೋಡಿ. 3 ಕೋಟಿ 30 ಲಕ್ಷ ಟನ್ನಿನಲ್ಲಿ 23 ಟನ್ ಎಂದರೆ ಟನ್ನಿಗೆ ಒಂದು ಗ್ರಾಮಿಗಿಂತಲೂ ಕಡಿಮೆ. ಚಿನ್ನವನ್ನೆಲ್ಲ ತೆಗೆದುಕೊಂಡು ಹೋದ ಮೇಲೂ ಮರಳು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಅದೂ ಹೊಸದಾಗಿ ನೆನೆದು. ಅದನ್ನು ಮತ್ತೆ ಎಲ್ಲಿ ಇಡುತ್ತಾರೆ? ಖಾಲಿ ಸುರಂಗಗಳಿಗೆ ತುಂಬುತ್ತಾರೆಯೇ? ನೀರು ಇಂಗದಂತೆ ತಳ ಹಾಸಿ, ಮೇಲೆ ಮಣ್ಣು ಹೊದಿಸಿ ಹಸಿರು ಬೆಳೆಸುತ್ತಾರೆಯೇ? ಧೂಳನ್ನು ಯಾರು ಅಳೆಯುತ್ತಾರೆ? ಮುಗಿದ ಮೇಲಿನ ಹತ್ತಿಪ್ಪತ್ತು ವರ್ಷಗಳ ಆರೈಕೆಗೆ ಹಣ ಯಾವ ಖಾತೆಯಲ್ಲಿದೆ? ಈ ಪ್ರಶ್ನೆಗಳನ್ನು ಗುತ್ತಿಗೆಯ ಕಾಗದಕ್ಕೆ ಸಹಿ ಬೀಳುವ ಮೊದಲು ಕೇಳಬೇಕು. ಕೇಳುವವರು ಈ ಊರಿನಲ್ಲಿ ಹುಟ್ಟಿ ಇಂಜಿನಿಯರಿಂಗ್ ಕಲಿತವರಾದರೆ ಉತ್ತರ ಕೊಡುವವರೂ ಎಚ್ಚರದಿಂದ ಮಾತನಾಡುತ್ತಾರೆ. ಮೊದಲನೆಯ ಸಲ ಆ ಪುಟ ಬಿಟ್ಟುಹೋಯಿತು. ಎರಡನೆಯ ಸಲವೂ ಬಿಟ್ಟುಹೋದರೆ ಅದನ್ನು ಅರಿಯದೆ ಆದ ಲೋಪವೆಂದು ಯಾರೂ ಒಪ್ಪಲಾರರು.

ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಸಂಶಯವಿರುವುದು ಸಹಜ: ಇದನ್ನೆಲ್ಲ ಕಲಿತರೆ ಕೆಲಸ ಸಿಕ್ಕೀತೇ? ಭಾರತವು 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು. ಅದರಂತೆ ಮಾನ್ಯತೆ ಪಡೆದ ಪದವಿಗೆ ಇತರ ಸದಸ್ಯ ದೇಶಗಳಲ್ಲಿಯೂ ಬೆಲೆಯಿದೆ. ಆ ಮಾನ್ಯತೆಗಾಗಿ ಪದವೀಧರನಲ್ಲಿ ಇರಬೇಕೆಂದು ಹೇಳಿದ ಗುಣಗಳಲ್ಲಿ ಪರಿಸರ ಮತ್ತು ಸುಸ್ಥಿರತೆಯ ಅರಿವೂ ಒಂದು. ಇಂದು ದೊಡ್ಡ ಗಣಿಗೆ, ಅಣೆಕಟ್ಟಿಗೆ, ಕಾರ್ಖಾನೆಗೆ ಪರಿಸರದ ಅನುಮತಿ ಬೇಕು; ಗಣಿಗೆ ಮುಚ್ಚುವ ಯೋಜನೆಯೂ ಬೇಕು. ಅವನ್ನು ಬರೆಯಬಲ್ಲವರಿಗೆ ಕೆಲಸವಿದೆ. ಆದರೆ ಸಂಬಳದ ಮಾತನ್ನಷ್ಟೇ ಹೇಳಿ ಸುಮ್ಮನಾಗಲು ನನಗೆ ಇಷ್ಟವಿಲ್ಲ. ನಮ್ಮ ಹಿರಿಯರಿಗೆ ಗಣಿಯವರು ಸಂಬಳ ಕೊಟ್ಟಿದ್ದರು, ಲೈನು ಮನೆ ಕೊಟ್ಟಿದ್ದರು, ಆಸ್ಪತ್ರೆ ಕಟ್ಟಿಸಿದ್ದರು. ಕೊಡದೆ ಹೋದುದು ನಾಳೆಯ ಭರವಸೆಯನ್ನು ಮಾತ್ರ.

ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೋ ಸಿ’ ಎಂಬ ಪರಿಪತ್ರವನ್ನು ಇಲ್ಲಿ ನೆನೆಯುವುದು ಉಚಿತ. ಈ ಭೂಮಿ ಎಲ್ಲರ ಮನೆಯೆಂದೂ, ಮುಂದಿನ ಪೀಳಿಗೆಗೆ ನ್ಯಾಯ ಸಲ್ಲಿಸುವುದು ನಮ್ಮ ಇಚ್ಛೆಗೆ ಬಿಟ್ಟ ವಿಷಯವಲ್ಲವೆಂದೂ ಅವರು ಅದರಲ್ಲಿ ಪ್ರತಿಪಾದಿಸಿದರು. ಈ ದೇವಾಲಯದ ತಳಹದಿಗೆ ಕಲ್ಲು ಹೊತ್ತವರು ತಾವು ಕಾಣಲಾರದ ಮೊಮ್ಮಕ್ಕಳಿಗಾಗಿಯೇ ಗೋಡೆಯನ್ನು ಗಟ್ಟಿಯಾಗಿ ಕಟ್ಟಿದರು ಎಂಬುದನ್ನು ಈ ಶತಮಾನೋತ್ಸವವೇ ಸಾರುತ್ತಿದೆ. ಗಣಿಗೂ ಕಾರ್ಖಾನೆಗೂ ಸೇತುವೆಗೂ ಅದೇ ದೃಷ್ಟಿ ಬೇಕೆಂದಷ್ಟೇ ನಾನು ಕೇಳುವುದು.

ಕಡೆಯದಾಗಿ ಮೂರು ಬಿನ್ನಹಗಳು. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಎಷ್ಟು ಮಂದಿಗೆ ಕೆಲಸ ಕೊಡಿಸಿದ್ದೀರೆಂದು ಕೇಳುವ ತಾವು, ಕಡೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಎಷ್ಟು ನಮ್ಮ ಊರಿನ ನೀರು, ಧೂಳು, ಮಣ್ಣುಗಳನ್ನು ಕುರಿತವು ಎಂದೂ ಕೇಳಿರಿ. ಇದು ಮೊದಲನೆಯದು. ಗಣಿಯಲ್ಲಿ ದುಡಿದ ಹಿರಿಯರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಯಾವ ಶಾಫ್ಟು ಎಲ್ಲಿಗೆ ಹೋಗುತ್ತಿತ್ತು, ಎಲ್ಲಿ ಬಂಡೆ ಸಿಡಿಯುತ್ತಿತ್ತು, ಎಲ್ಲಿ ನೀರು ಜಿನುಗುತ್ತಿತ್ತು ಎಂಬುದು ಅವರ ನೆನಪಿನಲ್ಲಿದೆ. ನಮ್ಮ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ಅವರನ್ನು ಕೂರಿಸಿ, ಕಾಲೇಜಿನ ಮಕ್ಕಳಿಂದ ಆ ಮಾತುಗಳನ್ನು ಬರೆಸಿ ಇಡೋಣ. ಇದು ಎರಡನೆಯದು. ಮೂರನೆಯದು ವಿದ್ಯಾರ್ಥಿಗಳಿಗೆ. ನೀವು ಬೆಂಗಳೂರಿಗಾಗಲಿ, ಹೊರದೇಶಕ್ಕಾಗಲಿ ಹೋಗಿರಿ. ಎಲ್ಲಿ ಏನನ್ನು ಕಟ್ಟಿದರೂ ನಕ್ಷೆಗೆ ಸಹಿ ಮಾಡುವ ಮೊದಲು, ಇದು ಮುಗಿದ ಮೇಲೆ ಇಲ್ಲಿ ಬಾಳುವವರು ಯಾರೆಂದು ಒಮ್ಮೆ ಯೋಚಿಸಿರಿ. ಚಿನ್ನದ ಗಣಿಯ ಮಕ್ಕಳಿಗೆ ಇದನ್ನು ಯಾವ ಪುಸ್ತಕವೂ ಹೊಸದಾಗಿ ಹೇಳಬೇಕಾಗಿಲ್ಲ.

ಈ ದೇವಾಲಯವೂ ಇದನ್ನಾಶ್ರಯಿಸಿದ ಕುಟುಂಬಗಳೂ ಮುಂದಿನ ಶತಮಾನದಲ್ಲಿಯೂ ಏಳಿಗೆ ಹೊಂದಲೆಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.